ಬಣ್ಣವನ್ನು ಕೊನೆಗೆ ನೋಡುತ್ತೇನೆ

ಅಮೆರಿಕದ ಸಿಯಾಟಲ್ ಸುತ್ತಲಿನ ಪ್ಯೂಜೆಟ್ ಸೌಂಡ್ ಎಂಬ ಸಮುದ್ರದ ಒಳಚಾಚಿನ ನೀರು ತಣ್ಣಗೆ, ಹಸಿರು. ಹತ್ತು ಮೀಟರ್ ಇಳಿಯುವಷ್ಟರಲ್ಲಿ ಕೆಂಪು ಬಣ್ಣ ಬಹುಪಾಲು ಮಾಯವಾಗಿರುತ್ತದೆ. ಆದ್ದರಿಂದ ಇಲ್ಲಿ ಮುಳುಗುವಾಗ ನಾನು ಮೀನಿನ ಬಣ್ಣವನ್ನು ನಂಬುವುದಿಲ್ಲ. ಇಲ್ಲಿನ ಬಂಡೆಗಳ ನಡುವೆ ಕಾಣುವ ಗ್ರೀನ್‌ಲಿಂಗ್ ಎಂಬ ಬಳಗದ ಮೀನುಗಳನ್ನು ರಾಕ್‌ಫಿಶ್ ಎಂಬ ಮೀನುಗಳಿಂದ ಬೇರೆಯಾಗಿ ಗುರುತಿಸಲು ಮೊದಲು ಭಂಗಿ ನೋಡುತ್ತೇನೆ.

ರಾಕ್‌ಫಿಶ್‌ಗೆ ತೇಲಲು ನೆರವಾಗುವ ಗಾಳಿಚೀಲ ಮೈಯೊಳಗಿದೆ. ಬಂಡೆಯ ಮೇಲೆ ಒಂದಡಿ ಎತ್ತರದಲ್ಲಿ ಆರಾಮವಾಗಿ ನಿಂತಿರಬಲ್ಲದು. ಗ್ರೀನ್‌ಲಿಂಗ್‌ಗೆ ಆ ಅನುಕೂಲವಿಲ್ಲ. ಈಜು ನಿಲ್ಲಿಸಿದರೆ ತಳಕ್ಕೆ ಇಳಿದು ಕೂರುತ್ತದೆ. ರಾಕ್‌ಫಿಶ್ ಕೂಡ ಬಂಡೆಗೆ ಒರಗುವುದುಂಟು. ಆಗ ತಲೆ, ಕೆನ್ನೆಯ ಮುಳ್ಳುಗಳನ್ನು ಹುಡುಕುತ್ತೇನೆ. ಗ್ರೀನ್‌ಲಿಂಗ್‌ನ ತಲೆ ನುಣುಪು, ಬಾಯಿ ಚಿಕ್ಕದು, ಬೆನ್ನಿನ ಉದ್ದನೆಯ ರೆಕ್ಕೆಯ ನಡುವೆ ಒಂದು ತಗ್ಗು.

ಇಷ್ಟಾದ ಮೇಲೆಯೇ ಟಾರ್ಚ್ ಬೆಳಕು. ಕೆಲ್ಪ್ ಗ್ರೀನ್‌ಲಿಂಗ್ ಎಂಬ ಜಾತಿಯ ಗಂಡು ಕಂದು-ಬೂದು ಮೈಯದು. ಮುಂಭಾಗದಲ್ಲಿ ಕೆಂಗಂದು ಅಂಚಿನ ನೀಲಿ ಚುಕ್ಕೆಗಳು. ಹೆಣ್ಣಿನ ತಿಳಿ ಮೈಮೇಲೆ ಕಿತ್ತಳೆ-ಕಂದು ಚುಕ್ಕೆಗಳು ದಟ್ಟವಾಗಿರುತ್ತವೆ, ರೆಕ್ಕೆಗಳು ಹಳದಿ. ನೇತ್ರಾಣಿಯಲ್ಲಿ ಡೈವಿಂಗ್ ಕಲಿತು ಇಲ್ಲಿಗೆ ಬಂದ ಗೆಳೆಯರು ಇವೆರಡನ್ನೂ ಬೇರೆ ಬೇರೆ ಜಾತಿಗಳೆಂದು ಸ್ಲೇಟಿನಲ್ಲಿ ಬರೆದುಕೊಳ್ಳುತ್ತಾರೆ. ಅವರನ್ನು ದೂರುವಂತಿಲ್ಲ, ನೋಡಿದರೆ ಹಾಗೆಯೇ ಅನ್ನಿಸುತ್ತದೆ.

ಸಂಶಯ ಉಳಿದರೆ ಪಕ್ಕದಿಂದ ಫೋಟೊ ತೆಗೆದು ದಡದಲ್ಲಿ ದೊಡ್ಡದು ಮಾಡಿ ನೋಡುತ್ತೇನೆ. ಕೆಲ್ಪ್ ಗ್ರೀನ್‌ಲಿಂಗ್‌ನ ಪ್ರತಿ ಪಕ್ಕದಲ್ಲೂ ಐದು ಪಾರ್ಶ್ವರೇಖೆಗಳು, ಅಂದರೆ ನೀರಿನ ಚಲನೆಯನ್ನು ಅರಿಯುವ ಗೆರೆಗಳು, ಇರುತ್ತವೆ. ನೀರಿನಲ್ಲಿ ಅವನ್ನು ಎಣಿಸುತ್ತ ಕೂತರೆ ಸಿಲಿಂಡರಿನ ಗಾಳಿ ದಂಡ. ಕಣ್ಣುಗಳ ಮೇಲಿನ ಚರ್ಮದ ಕುಚ್ಚುಗಳ ಜೋಡಿಯನ್ನೂ ಗಮನಿಸುತ್ತೇನೆ. ಕೆಲ್ಪ್ ಗ್ರೀನ್‌ಲಿಂಗ್‌ಗೆ ಅದರ ಹಿಂದೆ ಇನ್ನೊಂದು ಪುಟ್ಟ ಜೋಡಿ ಇರುತ್ತದೆ, ಬಿಳಿಚುಕ್ಕೆಯ ಗ್ರೀನ್‌ಲಿಂಗ್ ಎಂಬ ಇನ್ನೊಂದು ಜಾತಿಗೆ ಒಂದೇ ಜೋಡಿ.

ಪೇಂಟೆಡ್ ಗ್ರೀನ್‌ಲಿಂಗ್ ಬಗ್ಗೆ ತಲೆಕೆಡಿಸಿಕೊಳ್ಳಬೇಕಾಗಿಲ್ಲ. ಗೇಣುದ್ದದ ಮೀನು, ಚೂಪು ಮೂತಿ, ಮೈಗೆ ಅಡ್ಡ ಪಟ್ಟೆಗಳು. ರಾತ್ರಿ ಕೆಲವೊಮ್ಮೆ ಸೀ ಅನಿಮೋನಿನ ಪಕ್ಕದಲ್ಲೇ ಮಲಗಿರುತ್ತದೆ.

ಇದೇ ಬಳಗದ ಲಿಂಗ್‌ಕಾಡ್ ಒಂದು ಮೀಟರನ್ನೂ ಮೀರಿ ಬೆಳೆಯುತ್ತದೆ. ಅಗಲ ಬಾಯಿ, ಚೂಪು ಹಲ್ಲು. ಕ್ಯಾಬೆಜಾನ್ ಕೂಡ ದಪ್ಪ ತಲೆಯ ಮೀನೇ, ಆದರೆ ಅದಕ್ಕೆ ಹುರುಪೆಯಿಲ್ಲ, ಮೂತಿಯ ಮೇಲೆ ಒಂದು ಕುಚ್ಚಿದೆ. ಚಳಿಗಾಲದಲ್ಲಿ ಬಂಡೆಯ ಸಂದಿಯಲ್ಲಿ ಬಿಳಿ ಥರ್ಮಾಕೋಲಿನಂಥ ಗಡ್ಡೆ ಕಂಡರೆ ಅದು ಲಿಂಗ್‌ಕಾಡ್ ಮೊಟ್ಟೆ. ಕಾವಲಿನ ಗಂಡು ಹತ್ತಿರದಲ್ಲೇ ಇರುತ್ತದೆ. ಅಲ್ಲಿ ಗುರುತು ಹಿಡಿಯಲು ಹತ್ತಿರ ಹೋಗುವ ಅಗತ್ಯವೂ ಇಲ್ಲ, ಹೋಗಲೂಬಾರದು. ಆ ಗಂಡು ಡೈವರ್‌ಗಳ ಮೇಲೆ ನುಗ್ಗುವುದುಂಟು.