ಹಾಡಿ ಹುಡುಗಿಯರು ಖಾಕಿ ತೊಟ್ಟಿದ್ದು ಹೀಗೆ

"ಹಾಡಿ ಹುಡುಗೀರು ಟ್ರೈನಿಂಗ್‌ನಲ್ಲಿ ನಿಲ್ಲಲ್ಲ, ವಾರಕ್ಕೇ ಓಡಿ ಬರ್ತಾರೆ" ಅಂತ ಠಾಣೆಯಲ್ಲಿ ನನ್ನ ಜೊತೆಯ ಪೊಲೀಸರೇ ಹೇಳಿದ್ದರು. ಈಗ ಎಚ್.ಡಿ. ಕೋಟೆ ಕಡೆಯ ನಮ್ಮ ಹಾಡಿಗಳಿಂದ, ಅಂದರೆ ಆದಿವಾಸಿ ಕೇರಿಗಳಿಂದ, ಮೂವರು ಕಾನ್‌ಸ್ಟೆಬಲ್ ಆಗಿದ್ದಾರೆ. ಮೂವರೂ ಟ್ರೈನಿಂಗ್ ಮುಗಿಸಿದ್ದಾರೆ. ನಾನೂ ಜೇನುಕುರುಬರವಳೇ. ಹಾಡಿ ಹೆಂಗಸರು ದೂರು ಕೊಡಲು ಬಂದರೆ ಠಾಣೆ ಗೇಟಿನ ಹೊರಗೇ ಕೂರುತ್ತಾರೆ. ನಮ್ಮ ಜೇನುಕುರುಬ ಮಾತು ಕಿವಿಗೆ ಬಿದ್ದರೆ ಮಾತ್ರ ಎದ್ದು ಒಳಗೆ ಬರುತ್ತಾರೆ. ನನ್ನೊಬ್ಬಳಿಂದ ಎಷ್ಟು ಆಗುತ್ತದೆ? ಅದಕ್ಕೇ ನಮ್ಮ ಹುಡುಗಿಯರನ್ನು ಪೊಲೀಸ್ ಪರೀಕ್ಷೆಗೆ ತಯಾರು ಮಾಡುತ್ತೇನೆ.

ದೈಹಿಕ ಪರೀಕ್ಷೆಯ ಓಟದ ಬಗ್ಗೆ ಜಾಸ್ತಿ ಹೇಳುವುದಿಲ್ಲ. 400 ಮೀಟರ್‌ಗೆ 2 ನಿಮಿಷ ನಮ್ಮವರಿಗೆ ಲೆಕ್ಕಕ್ಕೇ ಇಲ್ಲ. ಕೈಕೊಟ್ಟಿದ್ದು ಗುಂಡು ಎಸೆತ. 4 ಕೆಜಿ ಗುಂಡು 3.75 ಮೀಟರ್ ದಾಟಬೇಕಲ್ವಾ? ಮೊದಲ ತಂಡದಲ್ಲಿ ಲಿಖಿತ ಪರೀಕ್ಷೆ ಗೆದ್ದವರೂ ಅಲ್ಲೇ ಬಿದ್ದರು. ತೋಳಿನ ಬಲ ಸಾಲದು ಅಂತ ಎಲ್ಲರೂ ಮೊಟ್ಟೆ ತಿನ್ನಿಸಲು ಹೇಳಿದರು. ಆದರೆ ಬಲ ಬರಬೇಕಾದದ್ದು ಸೊಂಟದಿಂದ. ಕಾಡುಗೆಣಸು ಅಗೆಯುವಾಗ ಹಾರೆ ಹಾಕುತ್ತಾರಲ್ಲ, ಹಾಗೆ. ಕಾಲಿಡುವುದರಲ್ಲಿ ಇನ್ನೊಂದು ಗುಟ್ಟಿದೆ. ಅದನ್ನು ಮೈದಾನಕ್ಕೆ ಬಂದವರಿಗೆ ಮಾತ್ರ ಹೇಳಿಕೊಡುತ್ತೇನೆ.

ಎಲ್ಲಕ್ಕಿಂತ ಕಾಡಿದ್ದು ಕಾಫಿ ಕೊಯ್ಲು. ಡಿಸೆಂಬರ್ ಬಂತೆಂದರೆ ಮನೆಮಂದಿಯೆಲ್ಲ ಕೊಡಗಿನ ತೋಟಕ್ಕೆ ಹೊರಡುತ್ತಾರೆ. ಹುಡುಗಿಯರನ್ನು ಬಿಟ್ಟು ಹೋಗಿ ಎಂದರೆ ಆ ಕೂಲಿ ಯಾರು ಕೊಡುತ್ತಾರೆ? ಮೈಸೂರಿನ ಒಂದು ಕೋಚಿಂಗ್‌ಗೆ ಏಳೆಂಟು ಸಾವಿರ ಕಟ್ಟಿದ್ದೆ. ಅಲ್ಲಿ ಇವರ ಮಾತಿಗೆ ನಗುತ್ತಿದ್ದರು. ಹುಡುಗಿಯರು ವಾಪಸ್ ಬಂದರು, ದುಡ್ಡು ಬರಲಿಲ್ಲ.

ಆಮೇಲೆ ಪಾಠವನ್ನೇ ತೋಟದ ಕೂಲಿಯವರು ಉಳಿಯುವ ಲೈನ್‌ಮನೆಗೆ ಕಳಿಸಿದೆ. ಇತಿಹಾಸ, ಸಂವಿಧಾನ ಎಲ್ಲ ನಮ್ಮ ಮಾತಿನಲ್ಲೇ ಹೇಳಿ ವಾಟ್ಸಾಪ್‌ಗೆ ಹಾಕಿದೆ. ಹಣ್ಣು ಬಿಡಿಸುತ್ತಲೇ ಕೇಳಿದರು. ಗಣಿತ ಹಾಗೆ ತಲೆಗೆ ಹೋಗಲಿಲ್ಲ. ಆಗ ಅವರ ಕೂಲಿ ಚೀಟಿಯನ್ನೇ ಹಿಡಿದೆ. ಕೆಜಿಗೆ ಇಷ್ಟು, ವಾರಕ್ಕೆ ಎಷ್ಟು, ಮುಂಗಡ ಹಿಡಿದದ್ದು ಶೇಕಡಾ ಎಷ್ಟು? ಸರಾಸರಿ, ಶೇಕಡಾ ಎರಡೂ ಬಂದವು. ಒಬ್ಬಳು ತನಗೆ ಕಡಿಮೆ ಕೊಟ್ಟದ್ದನ್ನೂ ಹಿಡಿದಳು! ಲಿಖಿತ ಪರೀಕ್ಷೆಯಲ್ಲಿ ತಪ್ಪು ಉತ್ತರಕ್ಕೆ ಕಾಲು ಅಂಕ ಹೋಗುತ್ತದೆ. ಗೊತ್ತಿಲ್ಲದ್ದನ್ನು ಬಿಟ್ಟು ಬರುವುದನ್ನೂ ಅಭ್ಯಾಸ ಮಾಡಿಸಿದೆ.

ಶೂ, ಗುಂಡು, ಅರ್ಜಿ ಶುಲ್ಕ ಸೇರಿ ಕೈಯಿಂದ ಇಪ್ಪತ್ತೈದು ಸಾವಿರದ ಹತ್ತಿರ ಹೋಗಿರಬಹುದು. 2023ರಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಖರ್ಚು ಉಳಿಯಿತು.

ಈ ಸಲದ ತಂಡ ತೋಟದಿಂದ ಬರುವುದು ಫೆಬ್ರವರಿ ಕೊನೆಗೆ. ಅಷ್ಟರೊಳಗೆ ಇನ್ನೆರಡು ಗುಂಡು ಬೇಕು. ಹಳೆಯದಿದ್ದರೂ ಸರಿ, ಕೊಡಿ.