ದೋಣಿಗೊಂದು ಟ್ಯಾಬ್ಲೆಟ್: ಹುಬ್ಬಳ್ಳಿ ಬಿಸಿಲಲ್ಲಿ ನೋಡಿ ಆರಿಸಿದ್ದು

ಹುಬ್ಬಳ್ಳಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ಇಟ್ಟುಕೊಂಡ ನನಗೆ ಸಮುದ್ರದ ನಂಟು ಬಂದದ್ದು ಮದುವೆಯಿಂದ. ಹೆಂಡತಿಯ ತಮ್ಮ ಕಾರವಾರದ ಬೈತಖೋಲ್ ಬಂದರಿನಿಂದ ಔಟ್‌ಬೋರ್ಡ್ ಎಂಜಿನ್ನಿನ ಫೈಬರ್ ದೋಣಿಯಲ್ಲಿ ಮೀನಿಗೆ ಹೋಗುತ್ತಾನೆ. ಅವನ ಹಳೆಯ ಜಿಪಿಎಸ್ ಯಂತ್ರದ ಪರದೆ ಮಸುಕಾಗಿತ್ತು. ನಕ್ಷೆಯ ಆ್ಯಪ್ ಹಾಕಿಕೊಳ್ಳೋಕೆ ಒಂದು ಟ್ಯಾಬ್ಲೆಟ್ ಆರಿಸಿ ಕೊಡಿ ಭಾವ ಎಂದ.

ಅಂಗಡಿಗಳಲ್ಲಿ ಟ್ಯಾಬ್ಲೆಟ್ ಕೇಳಿದರೆ ಮೊದಲು ಹೇಳುವುದು ಪ್ರೊಸೆಸರ್, ರ‍್ಯಾಮ್, ಕ್ಯಾಮೆರಾ. ದೋಣಿಗೆ ಇವು ಯಾವುವೂ ಮುಖ್ಯವಲ್ಲ. ಮೊದಲು ಕೇಳಬೇಕಾದದ್ದು, ಇದರೊಳಗೆ ಜಿಪಿಎಸ್ ಚಿಪ್ ಇದೆಯೇ ಎಂದು. ವೈಫೈ ಮಾತ್ರ ಇರುವ ಐಪ್ಯಾಡ್‌ನಲ್ಲಿ ಅದು ಇರುವುದೇ ಇಲ್ಲ, ಸಿಮ್ ಹಾಕುವ ಮಾದರಿಯಲ್ಲಿ ಇರುತ್ತದೆ. ಸಿಮ್ ಹಾಕದೆಯೂ ಆ ಚಿಪ್ ಕೆಲಸ ಮಾಡುತ್ತದೆ, ಏಕೆಂದರೆ ಅದಕ್ಕೆ ಬೇಕಾದದ್ದು ಉಪಗ್ರಹದ ಸಂಕೇತವೇ ಹೊರತು ಮೊಬೈಲ್ ಟವರ್ ಅಲ್ಲ. ಆಂಡ್ರಾಯ್ಡ್‌ನಲ್ಲಿ ಮಾದರಿಯಿಂದ ಮಾದರಿಗೆ ಬೇರೆ ಇರುವುದರಿಂದ ವಿವರಪಟ್ಟಿ ಓದಿಯೇ ಕೊಳ್ಳಬೇಕು.

ಪಟ್ಟಿ ಓದಿದ ಮೇಲೂ ನಾನು ಪರೀಕ್ಷೆ ಮಾಡದೆ ಬಿಡುವುದಿಲ್ಲ. ಪರಿಚಯದವರಿಂದ ನಾವು ಕೊಳ್ಳಬೇಕೆಂದಿದ್ದ ಮಾದರಿಯನ್ನೇ ತಂದು, ಸಿಮ್ ತೆಗೆದು, ವೈಫೈ ಆಫ್ ಮಾಡಿ ಉಣಕಲ್ ಕೆರೆಯ ದಂಡೆಗುಂಟ ನಡೆದೆ. ನಕ್ಷೆಯ ಮೇಲಿನ ಚುಕ್ಕೆ ನನ್ನ ಜೊತೆಗೇ ಸರಿಯುತ್ತ ಬಂದರೆ ಚಿಪ್ ಇದೆ ಎಂದರ್ಥ. ಇಂಟರ್‌ನೆಟ್ ಇಲ್ಲದಾಗ ಮೊದಲ ಸಲ ಸ್ಥಳ ಹಿಡಿಯಲು ಹೊತ್ತು ಹಿಡಿಯುತ್ತದೆ. ಒಂದೊಂದು ಜಿಪಿಎಸ್ ಉಪಗ್ರಹವೂ ತನ್ನ ಕಕ್ಷೆಯ ವಿವರವನ್ನು 30 ಸೆಕೆಂಡಿಗೊಮ್ಮೆ ಕಳಿಸುತ್ತದೆ, ಎಲ್ಲ ಉಪಗ್ರಹಗಳ ಪೂರ್ತಿ ಪಟ್ಟಿ ಬರಲು 12.5 ನಿಮಿಷ ಬೇಕು. ಹಾಗಾಗಿ ದಕ್ಕೆ (ದೋಣಿ ಕಟ್ಟುವ ಕಟ್ಟೆ) ಬಿಡುವ ಮೊದಲೇ ಟ್ಯಾಬ್ಲೆಟ್ ಚಾಲೂ ಮಾಡಿ ಆಕಾಶ ಕಾಣುವ ಕಡೆ ಇಡಲು ಅವನಿಗೆ ಹೇಳಿದ್ದೇನೆ.

ಇನ್ನು ಬಿಸಿಲು. ಕೊಪ್ಪಿಕರ್ ರಸ್ತೆಯ ಅಂಗಡಿಯೊಂದರಲ್ಲಿ ಡೆಮೊ ಪೀಸನ್ನು ನಡುಮಧ್ಯಾಹ್ನ ಹೊರಗೆ ಒಯ್ಯಲು ಕೇಳಿದಾಗ ಹುಡುಗ, "ಅಣ್ಣಾರ, ಹೊರಗ ಯಾಕ ಒಯ್ಯಾಕತ್ತೀರಿ?" ಎಂದ. "ಬಿಸಿಲಾಗ ಕಾಣಸ್ತೈತೇನ ನೋಡ್ತೇನಪಾ" ಎಂದೆ. ಪಾಪ, ಅವನೇ ಜೊತೆಗೆ ಬಂದು ನಿಂತ. ಒಳಗೆ ಥಳಥಳ ಹೊಳೆಯುತ್ತಿದ್ದ ಪರದೆ ಹೊರಗೆ ಬಂದೊಡನೆ ಕನ್ನಡಿಯಾಯಿತು, ಕಂಡದ್ದು ನಮ್ಮಿಬ್ಬರ ಮುಖ. ಹೊಳಪನ್ನು ನಿಟ್ಸ್ ಎಂಬ ಮಾನದಲ್ಲಿ ಅಳೆಯುತ್ತಾರೆ. ತೆರೆದ ದೋಣಿಗೆ 500ಕ್ಕಿಂತ ಕಡಿಮೆ ಇರುವುದನ್ನು ನಾನಂತೂ ಯಾರಿಗೂ ಹೇಳುವುದಿಲ್ಲ.

ಹೊಳಪಿನ ಜೊತೆಗೇ ಬರುವುದು ಕಾವು. ಐಪ್ಯಾಡ್ ಬಳಸಲು ಸುತ್ತಲಿನ ಉಷ್ಣತೆ 35 ಡಿಗ್ರಿ ಮೀರಬಾರದು ಎಂದು ಆಪಲ್ ಕಂಪನಿಯೇ ಹೇಳುತ್ತದೆ. ಏಪ್ರಿಲ್, ಮೇ ತಿಂಗಳ ಕಡಲಲ್ಲಿ ನೇರ ಬಿಸಿಲಿಗೆ ಇಟ್ಟರೆ ಯಾವ ಟ್ಯಾಬ್ಲೆಟ್ ಆದರೂ ಮೊದಲು ಪರದೆಯನ್ನು ಮಂಕು ಮಾಡುತ್ತದೆ, ಆಮೇಲೆ ತಾನೇ ಆರಿಹೋಗುತ್ತದೆ. ಕಪ್ಪು ಕವರ್ ಹಾಕಬೇಡಿ, ಬಿಸಿಲಲ್ಲಿಟ್ಟು ಚಾರ್ಜ್ ಮಾಡಬೇಡಿ. ಕೊನೆಗೆ ನಾವು ಕೊಂಡ 8 ಇಂಚಿನ ಸ್ಯಾಮ್‌ಸಂಗ್ ಟ್ಯಾಬ್ ಆ್ಯಕ್ಟಿವ್‌ನಲ್ಲಿ ಬ್ಯಾಟರಿ ಬಿಚ್ಚಬಹುದು. ದೋಣಿಯ 12 ವೋಲ್ಟ್ ಬ್ಯಾಟರಿಯಿಂದ ಕಾರ್ ಚಾರ್ಜರ್ ಮೂಲಕ ಕರೆಂಟ್ ಕೊಟ್ಟು, ಒಳಗಿನ ಬ್ಯಾಟರಿ ತೆಗೆದೇ ನಡೆಸಬಹುದು. ಇದರಿಂದ ಕಾವು ಎಷ್ಟೋ ತಗ್ಗುತ್ತದೆ. ಆದರೆ ಅಗ್ಗದ ಕಾರ್ ಚಾರ್ಜರ್, ದೋಣಿಯಿಂದ ದೋಣಿಗೆ ಮಾತಾಡುವ ವಿಎಚ್‌ಎಫ್ ರೇಡಿಯೋದಲ್ಲಿ ಗುಂಯ್ ಎನ್ನುವ ಸದ್ದು ತುಂಬಿಸಿಬಿಡುತ್ತದೆ. ತುರ್ತು ಕರೆಯ ಚಾನೆಲ್ 16ರಲ್ಲಿ ಇನ್ನೊಬ್ಬರ ಕೂಗು ಕೇಳದಂತಾದರೆ ಜೀವಕ್ಕೇ ಅಪಾಯ. ಚಾರ್ಜರ್ ಹಚ್ಚಿ, ಪಕ್ಕದಲ್ಲೇ ರೇಡಿಯೋ ಹಾಕಿ ಕೇಳಿಯೇ ಕೊಳ್ಳಿ.

ಹತ್ತು ಇಂಚು ಬೇಡ ಎಂದವನು ಭಾವಮೈದುನನೇ. "ಒಂದ್ ಕೈಲಿ ಎಂಜಿನ್ ಹಿಡಿ ಇರ್ತದೆ ಭಾವ, ಇನ್ನೊಂದ್ ಕೈಲಿ ಅಷ್ಟು ದೊಡ್ಡದ್ ಹಿಡ್ಯೋದ್ ಹೇಗೆ?" ಎಂದ. ಕ್ಯಾಬಿನ್ ಇರುವ ಬೋಟಿಗೆ ದೊಡ್ಡ ಪರದೆಯೇ ಚೆಂದ. ತೆರೆದ ದೋಣಿಯಲ್ಲಿ ಅವನ ಮಾತೇ ಸರಿ.

ನೀರಿನ ವಿಷಯದಲ್ಲಿ, ಧೂಳು–ನೀರು ಒಳಹೋಗದು ಎಂದು ಹೇಳುವ ಐಪಿ68 ಎಂಬ ಮುದ್ರೆಯೊಂದನ್ನೇ ನಂಬಿ ಕೂರಬಾರದು. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ. ಚಾರ್ಜಿಂಗ್ ಪೋರ್ಟಿನೊಳಗೆ ಉಪ್ಪುನೀರು ಒಣಗಿದರೆ ಪಿನ್ನುಗಳು ಹಸಿರುಗಟ್ಟುತ್ತವೆ. ಅಂಥ ಪೋರ್ಟುಗಳನ್ನು ಬದಲಿಸುವುದು ನನ್ನ ದಿನದ ಕೆಲಸ, ಅದಕ್ಕೇ ಒತ್ತಿ ಹೇಳುತ್ತಿದ್ದೇನೆ. ದಡಕ್ಕೆ ಬಂದ ಮೇಲೆ ಸಿಹಿನೀರಿನ ಒದ್ದೆ ಬಟ್ಟೆಯಿಂದ ಒರೆಸಿ, ಪೂರ್ತಿ ಒಣಗಿದ ಮೇಲೆಯೇ ಚಾರ್ಜಿಗೆ ಹಾಕಬೇಕು. ಪರದೆಯ ಮೇಲೆ ಹನಿ ಬಿದ್ದರೆ ಬೆರಳಿಗೂ ನೀರಿಗೂ ವ್ಯತ್ಯಾಸ ತಿಳಿಯದೆ ನಕ್ಷೆ ತಾನೇ ಓಡಾಡತೊಡಗುತ್ತದೆ. ಆಗ ಈ ಟ್ಯಾಬ್ಲೆಟ್ ಜೊತೆ ಬರುವ ಪೆನ್ ಉಪಯೋಗಕ್ಕೆ ಬರುತ್ತದೆ.

ಎಲ್ಲಕ್ಕಿಂತ ಹೆಚ್ಚು ಹೊತ್ತು ಕೂತು ಮಾಡಿದ್ದು ಹಳೆಯ ಯಂತ್ರದಲ್ಲಿದ್ದ ಗುರುತುಗಳನ್ನು ಹೊಸದಕ್ಕೆ ಸಾಗಿಸುವ ಕೆಲಸ. ಬಲೆ ಸಿಕ್ಕಿ ಹರಿಯುವ ಕಲ್ಲುಗಳು, ಮೀನು ಸಿಗುವ ಜಾಗಗಳು, ಕಾಳಿ ನದಿಯ ಅಳಿವೆಯಲ್ಲಿ ಆಳ ಇರುವ ದಾರಿ, ಒಂದೊಂದೂ ಅವನು ವರ್ಷಗಟ್ಟಲೆ ಕಡಲಲ್ಲಿ ಗಳಿಸಿದ್ದು. ಹಳೆಯ ಯಂತ್ರ ಡಿಗ್ರಿ ಮತ್ತು ನಿಮಿಷದಲ್ಲಿ ತೋರಿಸುತ್ತಿತ್ತು, ಆ್ಯಪ್ ಬರೀ ಡಿಗ್ರಿಯ ದಶಾಂಶದಲ್ಲಿತ್ತು. 14 ಡಿಗ್ರಿ 48.5 ನಿಮಿಷ ಎಂದರೆ 14.8083 ಡಿಗ್ರಿ. ನಿಮಿಷವನ್ನು 60ರಿಂದ ಭಾಗಿಸದೆ 14.485 ಎಂದು ಒತ್ತಿದರೆ ಗುರುತು ಸುಮಾರು 36 ಕಿ.ಮೀ. ದಕ್ಷಿಣಕ್ಕೆ, ಕುಮಟಾ ಕಡೆಗೆ ಹೋಗಿಬಿಡುತ್ತದೆ. ಆದ್ದರಿಂದ ಆ್ಯಪ್‌ನ ಸೆಟ್ಟಿಂಗನ್ನೇ ಡಿಗ್ರಿ–ನಿಮಿಷಕ್ಕೆ ಬದಲಿಸಿದೆವು. ಅವನು ಒಂದೊಂದೇ ಅಂಕಿ ಓದುತ್ತ ಹೋದ, ನಾನು ಒತ್ತುತ್ತ ಹೋದೆ, ಪ್ರತಿ ಗುರುತನ್ನೂ ನಕ್ಷೆಯ ಮೇಲೆ ನೋಡಿ ಅವನು ಹೂಂ ಎಂದ ಮೇಲೆಯೇ ಮುಂದಿನದು.

ಕರಾವಳಿಯ ನಕ್ಷೆಯನ್ನು ಹುಬ್ಬಳ್ಳಿಯ ವೈಫೈಯಲ್ಲೇ ಇಳಿಸಿಕೊಂಡಿದ್ದೆ. ದೋಣಿಯಲ್ಲಿ ದಿಕ್ಸೂಚಿಯೂ ಕೈಯಲ್ಲಿ ಹಿಡಿಯುವ ಸಣ್ಣ ಜಿಪಿಎಸ್ಸೂ ಈಗಲೂ ಇವೆ, ಅವನ್ನು ತೆಗೆಯಲು ನಾನು ಬಿಡುವುದಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧ ಇರುವುದರಿಂದ ಆ ಎರಡು ತಿಂಗಳು ಟ್ಯಾಬ್ಲೆಟ್ ನನ್ನ ಅಂಗಡಿಯಲ್ಲಿರುತ್ತದೆ. ಪೋರ್ಟ್ ಶುಚಿ ಮಾಡಿ, ನಕ್ಷೆ ಹೊಸದು ಇಳಿಸಿ, ಬ್ಯಾಟರಿಯನ್ನು ಅರ್ಧ ಚಾರ್ಜಿನಲ್ಲಿ ಬಿಚ್ಚಿಡುತ್ತೇನೆ. ಅವನ ಗುರುತುಗಳೆಲ್ಲ ಜಿಪಿಎಕ್ಸ್ ಕಡತವಾಗಿ (ಜಿಪಿಎಸ್ ಗುರುತುಗಳನ್ನು ಉಳಿಸಿಡುವ ಕಡತ) ನನ್ನ ಕಂಪ್ಯೂಟರಿನಲ್ಲಿ ಒಂದು, ಪೆನ್‌ಡ್ರೈವಿನಲ್ಲಿ ಒಂದು ಪ್ರತಿ ಇವೆ.