ರನ್ ಒತ್ತಿದ ಕೋಡ್ ಎಲ್ಲಿ ಹೋಗಿ ಕೂತಿದೆ?

ಫೋಲ್ಡರ್ ತೆರೆದರೆ ನೀವು ಬರೆಯದ ಫೈಲೊಂದು ಕಾಣುತ್ತದೆ. ಹೆಸರು ‘ಟೆಂಪ್‌ಕೋಡ್‌ರನ್ನರ್‌ಫೈಲ್’. ವೈರಸ್ ಅಲ್ಲ, ಗಾಬರಿ ಬೇಡ. ಕೋಡ್ ಬರೆಯುವ ಎಡಿಟರ್ ವಿಎಸ್ ಕೋಡ್‌ಗೆ, ಕೋಡ್ ಓಡಿಸಿ ತೋರಿಸುವ ‘ಕೋಡ್ ರನ್ನರ್’ ಎಕ್ಸ್‌ಟೆನ್ಶನ್ ಹಾಕಿಕೊಂಡವರು ಇದನ್ನು ನೋಡಿಯೇ ಇರುತ್ತಾರೆ. ನಾಲ್ಕು ಸಾಲು ಸೆಲೆಕ್ಟ್ ಮಾಡಿ ರನ್ ಒತ್ತಿದರೆ ಅಷ್ಟನ್ನೇ ಅದು ಬೇರೊಂದು ಫೈಲ್‌ಗೆ ಬರೆದು ಓಡಿಸುತ್ತದೆ.

ಎಡಿಟರ್ ಯಾವುದೇ ಇರಲಿ, ಸುಮ್ನೆ ಫೋಲ್ಡರ್‌ಗಳನ್ನು ತಡಕಾಡಬೇಡಿ. ಮೊದಲು ಸ್ಕ್ರಿಪ್ಟನ್ನೇ ಕೇಳಿ. ಪೈಥಾನ್ ಆದರೆ ಒಂದು ಪ್ರಿಂಟ್ ಸಾಲು ಬರೆಯಿರಿ. ಅದರ ಬ್ರಾಕೆಟ್ ಒಳಗೆ ‘ಫೈಲ್’ ಎಂಬ ಪದ, ಅದರ ಎರಡೂ ಕಡೆ ಎರಡೆರಡು ಅಂಡರ್‌ಸ್ಕೋರ್. ಬ್ಯಾಷ್ ಸ್ಕ್ರಿಪ್ಟ್ ಆದರೆ ಎಕೋ ಬರೆದು ಡಾಲರ್ ಚಿಹ್ನೆಗೆ ಸೊನ್ನೆ ಅಂಟಿಸಿದರೆ ಸಾಕು. ರನ್ ಮಾಡಿದರೆ ಯಾವ ಫೈಲ್ ಓಡಿತು ಅಂತ ಗೊತ್ತಾಗುತ್ತದೆ. ಸೆಲೆಕ್ಟ್ ಮಾಡುವಾಗ ಈ ಸಾಲನ್ನೂ ಸೇರಿಸಿಕೊಳ್ಳಿ, ಇಲ್ಲದಿದ್ದರೆ ಉತ್ತರ ಬರುವುದಿಲ್ಲ.

ಮುಂದಿನ ಹೆಜ್ಜೆಯನ್ನು ಜಾಸ್ತಿ ಜನ ಬಿಟ್ಟುಬಿಡುತ್ತಾರೆ. ಪೈಥಾನ್‌ನಲ್ಲಿ ಓಎಸ್ ಮಾಡ್ಯೂಲ್ ಇಂಪೋರ್ಟ್ ಮಾಡಿ, ‘ಗೆಟ್‌ಸಿಡಬ್ಲ್ಯುಡಿ’ ಫಂಕ್ಷನ್ ಕೊಡುವ ಉತ್ತರವನ್ನೂ ಪ್ರಿಂಟ್ ಮಾಡಿ. ಸ್ಕ್ರಿಪ್ಟ್ ಇರುವ ಜಾಗ ಬೇರೆ, ಅದು ನಿಂತು ಕೆಲಸ ಮಾಡುವ ಫೋಲ್ಡರ್ ಬೇರೆ. ಬರೀ ಹೆಸರು ಕೊಟ್ಟು ಫೈಲ್ ತೆರೆದರೆ ಪೈಥಾನ್ ಹುಡುಕುವುದು ಎರಡನೆಯದರಲ್ಲಿ. ‘ಡೇಟಾ ಫೈಲ್ ಪಕ್ಕದಲ್ಲೇ ಇದೆ, ಆದರೂ ಸಿಗ್ತಿಲ್ಲ’ ಎಂಬ ಗೋಳಿಗೆ ಎಷ್ಟೋ ಸಲ ಕಾರಣ ಇದೇ.

ಎಡಿಟರ್‌ನಲ್ಲಿ ಯಾವ ಫೋಲ್ಡರನ್ನೂ ತೆರೆಯದೆ, ಇನ್ನೂ ಹೆಸರಿಡದ ಟ್ಯಾಬ್‌ನಿಂದ ಓಡಿಸಿದ್ದೀರಾ? ಹಾಗಾದರೆ ತಾತ್ಕಾಲಿಕ ಫೈಲ್‌ಗಳನ್ನಿಡುವ, ಸಿಸ್ಟಂನ ಟೆಂಪ್ ಫೋಲ್ಡರ್ ನೋಡಿ. ವಿಂಡೋಸ್‌ನಲ್ಲಿ ವಿಂಡೋಸ್ ಕೀ ಜತೆ ಆರ್ ಒತ್ತಿ, ಎರಡು ಪರ್ಸೆಂಟ್ ಚಿಹ್ನೆಗಳ ನಡುವೆ ‘ಟೆಂಪ್’ ಬರೆದು ಎಂಟರ್ ಮಾಡಿ. ಲಿನಕ್ಸ್‌ನಲ್ಲಿ ಸ್ಲ್ಯಾಶ್ ಟಿಎಂಪಿ. ತಾರೀಖಿನ ಪ್ರಕಾರ ಜೋಡಿಸಿದರೆ ಹೊಸದು ಮೇಲೆ ಬರುತ್ತದೆ. ಎಷ್ಟೋ ಲಿನಕ್ಸ್ ಯಂತ್ರಗಳಲ್ಲಿ ರೀಸ್ಟಾರ್ಟ್ ಆದಾಗ ಈ ಫೋಲ್ಡರ್ ಖಾಲಿಯಾಗುತ್ತದೆ. ಬೇಕಾದ ಕೋಡ್ ಕಂಡರೆ ಆಗಲೇ ಕಾಪಿ ಮಾಡಿಕೊಳ್ಳಿ.

ಸೇವ್ ಮಾಡದೆ ಮುಚ್ಚಿದ ಬರಹ ಹುಡುಕುತ್ತಿದ್ದರೆ ಕಥೆ ಬೇರೆ. ಅದು ಟೆಂಪ್ ಅಲ್ಲ, ಬ್ಯಾಕಪ್. ವಿಂಡೋಸ್‌ನಲ್ಲಿ ಟೆಂಪ್ ಬದಲು ‘ಆ್ಯಪ್‌ಡೇಟಾ’ ಬರೆದು, ವಿಎಸ್ ಕೋಡ್‌ನ ‘ಕೋಡ್’ ಎಂಬ ಫೋಲ್ಡರ್ ಒಳಗಿನ ಬ್ಯಾಕಪ್ಸ್ ನೋಡಿ. ನೋಟ್‌ಪ್ಯಾಡ್ ಪ್ಲಸ್ ಪ್ಲಸ್‌ಗೂ ಅಲ್ಲೇ ಅದರ ಹೆಸರಿನ ಫೋಲ್ಡರ್ ಇರುತ್ತದೆ. ವಿಮ್ ಎಂಬ ಎಡಿಟರ್ ಸಾಮಾನ್ಯವಾಗಿ ಮೂಲ ಫೈಲ್ ಪಕ್ಕದಲ್ಲೇ, ಚುಕ್ಕೆಯಿಂದ ಶುರುವಾಗುವ ಸ್ವಾಪ್ ಫೈಲ್ ಇಡುತ್ತದೆ.

ಕೋಡ್ ರನ್ನರ್‌ನ ಆ ಫೈಲ್ ಬೇಡವೇ ಬೇಡ ಎನ್ನುವವರು ಸೆಟ್ಟಿಂಗ್ಸ್‌ನಲ್ಲಿ ‘ಇಗ್ನೋರ್ ಸೆಲೆಕ್ಷನ್’ ಹುಡುಕಿ ಟಿಕ್ ಹಾಕಿ. ಆಮೇಲೆ ಯಾವಾಗಲೂ ಪೂರ್ತಿ ಫೈಲೇ ಓಡುತ್ತದೆ. ಕೋಡಿನ ಬದಲಾವಣೆಗಳ ಲೆಕ್ಕ ಇಡಲು ಗಿಟ್ ಬಳಸುವವರು ಆ ಟೆಂಪ್ ಫೈಲ್‌ನ ಹೆಸರನ್ನು, ಗಿಟ್ ಕಡೆಗಣಿಸಬೇಕಾದ ಫೈಲ್‌ಗಳ ಪಟ್ಟಿಯಾದ ಗಿಟ್‌ಇಗ್ನೋರ್‌ಗೆ ಸೇರಿಸಲಿ.

ಅಲ್ಲಿಯವರೆಗೆ ಟ್ಯಾಬ್‌ನ ಹೆಸರಿನ ಮೇಲೆ ಕಣ್ಣಿರಲಿ. ಟರ್ಮಿನಲ್‌ನಲ್ಲಿ ಬಂದ ಎರರ್ ಸಾಲನ್ನು ಕ್ಲಿಕ್ ಮಾಡಿದರೆ ಟೆಂಪ್ ಫೈಲೇ ತೆರೆದುಕೊಳ್ಳಬಹುದು. ನೋಡಲು ಥೇಟ್ ನಿಮ್ಮ ಕೋಡೇ. ಅಲ್ಲೇ ಕೂತು ತಿದ್ದಿದರೆ ಮುಂದಿನ ರನ್‌ಗೆ ಎಲ್ಲ ಅಳಿಸಿಹೋಗುತ್ತದೆ. ನಾನಂತೂ ಎರಡು ಸಲ ತಿದ್ದಿದ್ದೇನೆ.